ಮನೆಯೊಳಗೆ ಮೆಟ್ಟಿಲು ಮಾಡಿಸಲು ಸ್ಲ್ಯಾಬ್ ಕೊರೆಸುತ್ತೀರಾ? ಮೊದಲು ಆಸರೆ, ಆಮೇಲೆ ಕೊರೆತ

ಮೇಲೊಂದು, ಕೆಳಗೊಂದು ಫ್ಲ್ಯಾಟ್ ಕೊಂಡು ಎರಡನ್ನೂ ಒಳಗಿನಿಂದಲೇ ಸೇರಿಸಿಕೊಳ್ಳುವ ಆಸೆ ಥಾಣೆ, ಡೊಂಬಿವ್ಲಿಯ ಅನೇಕ ಕುಟುಂಬಗಳಿಗೆ ಇರುತ್ತದೆ. ನವಿ ಮುಂಬೈನ ರೋ ಹೌಸ್‌ಗಳಲ್ಲಿ ಮೇಲಂತಸ್ತಿಗೆ ಒಳಮೆಟ್ಟಿಲು ಬೇಕೆನಿಸುತ್ತದೆ. ಕಲ್ಯಾಣ್‌ನ ಹಳೆಯ ಮನೆಗಳಲ್ಲಿ ಕಡಿದಾದ ಮರದ ಏಣಿ ತೆಗೆದು ವಯಸ್ಸಾದವರೂ ಹತ್ತುವಂಥ ಮೆಟ್ಟಿಲು ಇಡಿಸಬೇಕಾಗುತ್ತದೆ. ಮೂರೂ ಕಡೆ ಕೆಲಸ ಒಂದೇ: ನೆಲದಲ್ಲಿ ಸುಮಾರು 3 ಅಡಿ ಅಗಲ, 9 ಅಡಿ ಉದ್ದದ ಕಿಂಡಿ ತೆಗೆಯುವುದು. ಕಾಂಟ್ರ್ಯಾಕ್ಟರ್ 'ಎರಡು ದಿನದ ಕೆಲಸ' ಎನ್ನಬಹುದು. ಒಡೆಯಲು ಎರಡು ದಿನ ಸಾಕು, ಸುಳ್ಳಲ್ಲ. ಅದಕ್ಕೂ ಮೊದಲು ಆಗಬೇಕಾದ ಕೆಲಸಕ್ಕೆ ಅಷ್ಟು ಸಾಲದು.

ಈ ಭಾಗದಲ್ಲಿ ನಡೆದ ಎರಡು ಘಟನೆಗಳನ್ನು ನೆನಪಿಸಿಕೊಳ್ಳಿ. 2022ರ ಜೂನ್ 11ರಂದು ನೆರೂಲ್‌ನ ಜಿಮ್ಮಿ ಪಾರ್ಕ್ ಕಟ್ಟಡದ ಆರನೇ ಮಹಡಿಯ ಹಾಲ್‌ನ ಸ್ಲ್ಯಾಬ್ ಕುಸಿದು, ಅದರ ಕೆಳಗಿನ ಮಹಡಿಗಳ ಹಾಲ್‌ಗಳನ್ನೂ ಒಂದೊಂದಾಗಿ ಕೆಡವಿತು. ಒಬ್ಬರು ಮೃತಪಟ್ಟರು. 2025ರ ಮೇ 20ರಂದು ಕಲ್ಯಾಣ್ ಪೂರ್ವದ ಸಪ್ತಶೃಂಗಿ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಸ್ಲ್ಯಾಬ್ ಹಾಗೆಯೇ ಕೆಳಗಿಳಿದು 6 ಮಂದಿಯನ್ನು ಬಲಿ ತೆಗೆದುಕೊಂಡಿತು. ಎರಡೂ ಕಡೆ ನಡೆಯುತ್ತಿದ್ದುದು ನೆಲದ ಟೈಲ್ಸ್ ಕೆಲಸ. ಮೆಟ್ಟಿಲಿಗಾಗಿ ಯಾರೂ ಸ್ಲ್ಯಾಬ್ ಕೊರೆದಿರಲಿಲ್ಲ. ನೆಲ ಕುಟ್ಟಿದ್ದಕ್ಕೇ ಹಳೆಯ ಸ್ಲ್ಯಾಬ್ ಹೀಗಾಗಬಹುದಾದರೆ, ಅದರ ಕಬ್ಬಿಣವನ್ನೇ ಕತ್ತರಿಸುವ ಕೆಲಸಕ್ಕೆ ಎಷ್ಟು ತಯಾರಿ ಬೇಕೆಂದು ಊಹಿಸಬಹುದು.

ಮರದ ಜಂತೆಯ ಮನೆಯಲ್ಲಿ

ಹಳೆಯ ವಾಡೆ, ಚಾಳ್‌ಗಳಲ್ಲಿ ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಅದರ ಮೇಲೆ ಹಲಗೆ ಇರುತ್ತದೆ. ಉತ್ತರ ಕರ್ನಾಟಕದ ಮಾಳಿಗೆ ಮನೆ ನೋಡಿದವರಿಗೆ ಇದು ಹೊಸತಲ್ಲ. ಪ್ರತಿ ಜಂತೆಯೂ ತನ್ನ ಪಾಲಿನ ಭಾರವನ್ನು ಎರಡು ತುದಿಗಳಿಗೆ ಒಯ್ಯುತ್ತದೆ. ನಡುವೆ ಕತ್ತರಿಸಿದರೆ ಎರಡು ತುಂಡುಗಳಿಗೂ ಒಂದೊಂದು ತುದಿಯಲ್ಲಿ ಆಧಾರವೇ ಇರುವುದಿಲ್ಲ.

ಮೆಟ್ಟಿಲಿನ ಉದ್ದ ಜಂತೆಯ ಉದ್ದಕ್ಕೇ ಸಾಗುವಂತೆ ಇಟ್ಟರೆ ನಷ್ಟ ಕಡಿಮೆ. ಒಂದೂವರೆ ಅಡಿಗೊಂದು ಜಂತೆ ಇದ್ದರೆ ಹೀಗೆ ಎರಡನ್ನು ಮಾತ್ರ ಕತ್ತರಿಸಬೇಕಾಗುತ್ತದೆ. ಅಡ್ಡಕ್ಕೆ ಇಟ್ಟರೆ ಆರಕ್ಕೆ ಏರುತ್ತದೆ. ಕತ್ತರಿಸುವ ಮೊದಲು ಕಿಂಡಿಯ ಎರಡೂ ತುದಿಗಳ ಆಚೆ, ಕೆಳಗಿನಿಂದ ಜಂತೆಗಳಿಗೆ ಅಡ್ಡವಾಗಿ ಗಟ್ಟಿ ಮರ ಕೊಟ್ಟು ಜಾಕಿಗಳಿಂದ ಎತ್ತಿ ಹಿಡಿಯಬೇಕು. ಆಮೇಲೆ ಕಿಂಡಿಯ ಎರಡು ಪಕ್ಕಗಳಲ್ಲಿ ಪೂರ್ತಿ ಉದ್ದದ ಜಂತೆಗಳನ್ನು ಜೋಡಿ ಮಾಡಬೇಕು. ಕತ್ತರಿಸಿದ ತುದಿಗಳನ್ನು ಹಿಡಿಯಲು ಅಡ್ಡ ತೊಲೆ ಕೂರಿಸಬೇಕು. ಅದರ ಭಾರ ಪಕ್ಕದ ಜೋಡಿಗೆ ಹೋಗುತ್ತದೆ, ಹಾಗಾಗಿಯೇ ಜೋಡಿ. ಕೂಡಿಕೆಗೆ ಬರೀ ಮೊಳೆ ಸಾಲದು, ಉಕ್ಕಿನ ಹಿಡಿಕೆ ಅಥವಾ ಬೋಲ್ಟ್ ಬೇಕು. ಗೋಡೆಯೊಳಗೆ ಕೂತ ಜಂತೆಯ ತುದಿ ಮಳೆನೀರಿಗೆ ಮೆತ್ತಗಾಗಿದೆಯೇ, ಗೆದ್ದಲು ಹಿಡಿದಿದೆಯೇ ಎಂಬುದನ್ನು ಮೊದಲೇ ಕೆದಕಿ ನೋಡಬೇಕು. ಕೊಳೆತ ಜಂತೆಯನ್ನು ಜೋಡಿ ಮಾಡಿದರೆ ಪ್ರಯೋಜನವಿಲ್ಲ.

ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ

ಫ್ಲ್ಯಾಟ್‌ಗಳಲ್ಲಿ ಜಂತೆ ಕಾಣುವುದಿಲ್ಲ. ಆ ಕೆಲಸವನ್ನು ಸ್ಲ್ಯಾಬ್‌ನೊಳಗಿನ ಕಬ್ಬಿಣದ ಸರಳುಗಳು ಮಾಡುತ್ತವೆ. ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮುಖ್ಯ ಸರಳು ಗಿಡ್ಡ ದಿಕ್ಕಿಗೆ ಇರುತ್ತದೆ. ಕೋಣೆ ಹೆಚ್ಚುಕಡಿಮೆ ಚೌಕವಾಗಿದ್ದರೆ ಎರಡೂ ದಿಕ್ಕಿನ ಸರಳು ಭಾರ ಹೊರುತ್ತವೆ. ಯಾವುದು ಎಲ್ಲಿದೆ ಎಂಬುದು ಮೂಲ ನಕ್ಷೆಯಿಂದ ಅಥವಾ ಸರಳು ಹುಡುಕುವ ಯಂತ್ರದಿಂದ ಮಾತ್ರ ತಿಳಿಯುತ್ತದೆ.

ತೂಕದ ಲೆಕ್ಕ ನೋಡಿ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,500 ಕೆ.ಜಿ. ತೂಗುತ್ತದೆ. 5 ಇಂಚು ದಪ್ಪದ ಸ್ಲ್ಯಾಬ್‌ನಲ್ಲಿ 3x9 ಅಡಿ ಕಿಂಡಿ ಎಂದರೆ 750 ಕೆ.ಜಿ.ಗೂ ಹೆಚ್ಚು. ಟೈಲ್ಸ್, ಗಾರೆಯ ತೂಕ ಬೇರೆ. ಅಷ್ಟನ್ನೂ ಒಡೆದು ಪಕ್ಕದ ಕೋಣೆಯಲ್ಲಿ ಗುಡ್ಡೆ ಹಾಕುವುದು ಸಾಮಾನ್ಯ ರೂಢಿ. ಇದು ಕೊರೆತದಷ್ಟೇ ಅಪಾಯಕಾರಿ. ಮನೆಯ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆ.ಜಿ. ಬಳಕೆಯ ಭಾರವನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ.

ಕಿಂಡಿಯ ಅಂಚುಗಳನ್ನು ಹೊರಲು ಸಾಮಾನ್ಯವಾಗಿ ಸ್ಲ್ಯಾಬ್‌ನ ಕೆಳಗೆ ಉಕ್ಕಿನ ಗರ್ಡರ್ ಕೊಡಲಾಗುತ್ತದೆ. ಅದರ ತುದಿಗಳು ಬೀಮ್ ಅಥವಾ ಕಂಬದ ಮೇಲೆ ಕೂರಬೇಕು. ಕೋಣೆ ವಿಂಗಡಿಸುವ 4 ಇಂಚಿನ ಇಟ್ಟಿಗೆ ಗೋಡೆಯ ಮೇಲಲ್ಲ. ಸ್ಲ್ಯಾಬ್‌ಗೂ ಗರ್ಡರ್‌ಗೂ ನಡುವಿನ ಸಂದನ್ನು ಕುಗ್ಗದ ಗ್ರೌಟ್‌ನಿಂದ ತುಂಬಿ, ಅದು ಗಟ್ಟಿಯಾದ ಮೇಲೆಯೇ ಕೊರೆತ. ಬ್ರೇಕರ್ ಬಳಸಿದರೆ ಕಂಪನ ಇಡೀ ಸ್ಲ್ಯಾಬ್‌ಗೆ ಹರಡುತ್ತದೆ, ವಜ್ರದ ಬ್ಲೇಡ್‌ನ ಗರಗಸ ಮೇಲು. ನಾಲ್ಕು ಮೂಲೆಗಳಲ್ಲಿ ಮೊದಲು ದುಂಡಗಿನ ತೂತು ಹಾಕಿಕೊಂಡರೆ ಗರಗಸ ಗೆರೆ ದಾಟಿ ಉಳಿಯಬೇಕಾದ ಸರಳನ್ನು ಕಡಿಯುವುದಿಲ್ಲ. ಚಿಕ್ಕ ಚಿಕ್ಕ ತುಂಡಾಗಿ ಕತ್ತರಿಸಿ ಇಳಿಸಬೇಕು, ಅಂದಂದೇ ಹೊರಗೆ ಸಾಗಿಸಬೇಕು.

ಜನ ಮರೆಯುವ ಸಂಗತಿ ಇನ್ನೊಂದಿದೆ. ಕೆಲಸ ಮುಗಿಯುವವರೆಗೆ ಸ್ಲ್ಯಾಬ್ ಹಿಡಿಯುವ ಜಾಕಿಗಳು ಕೆಳಮನೆಯ ನೆಲದ ಮೇಲೆ ನಿಲ್ಲುತ್ತವೆ. ಆ ನೆಲವೂ ಇನ್ನೊಂದು ಸ್ಲ್ಯಾಬ್. ಮೂರನೇ ಮತ್ತು ನಾಲ್ಕನೇ ಮಹಡಿ ಸೇರಿಸುವವರು ಎರಡನೇ ಮಹಡಿಯ, ಕೆಲವೊಮ್ಮೆ ಅದಕ್ಕೂ ಕೆಳಗಿನ ಮನೆಗಳಲ್ಲೂ ಜಾಕಿ ನಿಲ್ಲಿಸಬೇಕಾಗಬಹುದು. ಎಷ್ಟು ಮಹಡಿ ಎಂಬುದು ಎಂಜಿನಿಯರ್ ತೀರ್ಮಾನ. ನೆರೆಯವರು ಕೆಲ ದಿನ ತಮ್ಮ ಹಾಲ್ ಬಿಟ್ಟುಕೊಡಲು ಒಪ್ಪದಿದ್ದರೆ ಕೆಲಸ ಶುರು ಮಾಡಬಾರದು.

ಕೊರೆಯಲೇಬಾರದ ಜಾಗ

ಬೀಮ್, ಕಂಬಕ್ಕೆ ಕೈ ಹಚ್ಚುವಂತಿಲ್ಲ. ಬಾಲ್ಕನಿಯ ಸ್ಲ್ಯಾಬ್ ಒಳಕೋಣೆಯೊಳಕ್ಕೆ ಚಾಚಿದ ಮೇಲಿನ ಸರಳುಗಳ ಬಲದಿಂದ ತೂಗಿಕೊಂಡಿರುತ್ತದೆ. ಅಲ್ಲಿ ಕಿಂಡಿ ತೆಗೆದರೆ ಹೊರಗಿನ ಬಾಲ್ಕನಿಯೇ ಜೋತು ಬೀಳಬಹುದು. ಕೆಲವು ಹೊಸ ಗಗನಚುಂಬಿಗಳಲ್ಲಿ ಸ್ಲ್ಯಾಬ್‌ನೊಳಗೆ ಬಿಗಿದ ಉಕ್ಕಿನ ಕೇಬಲ್ ಇರುತ್ತದೆ. ಅದನ್ನು ಕಡಿದರೆ ಸಿಡಿಯುತ್ತದೆ. ಬೀಮೇ ಇಲ್ಲದ ಸ್ಲ್ಯಾಬ್ ಆದರೆ ಕಂಬದ ಸುತ್ತಲಿನ ಜಾಗವೂ ನಿಷಿದ್ಧ.

ಅನುಮತಿ ಯಾರದ್ದು?

ಸೊಸೈಟಿಯ ಲಿಖಿತ ಒಪ್ಪಿಗೆ ಬೇಕು. ಆದರೆ ಅದೊಂದೇ ಸಾಲದು. ಕಟ್ಟಡದ ರಚನೆ ಬದಲಾಗುವುದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆಯೊಂದಿಗೆ ಮಹಾನಗರ ಪಾಲಿಕೆಯ ಅನುಮತಿ ಪಡೆಯಬೇಕು. ಟೆರೇಸ್‌ಗೆ ಖಾಸಗಿ ಮೆಟ್ಟಿಲು ಮಾಡಿಸುವುದಂತೂ ಬೇರೆಯದೇ ತಕರಾರು, ಏಕೆಂದರೆ ಟೆರೇಸ್ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು.

ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆಯ 265ಎ ಕಲಂ ಪ್ರಕಾರ 30 ವರ್ಷ ದಾಟಿದ ಕಟ್ಟಡವನ್ನು ಪಾಲಿಕೆಯಲ್ಲಿ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಬೇಕು. ಸೊಸೈಟಿಗಳ ಮಾದರಿ ಉಪವಿಧಿಯಂತೆ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಆ ವರದಿಯಲ್ಲಿ ಸೋರಿಕೆ, ತುಕ್ಕು, ಸ್ಲ್ಯಾಬ್ ಪದರ ಉದುರಿದ ಉಲ್ಲೇಖವಿದ್ದರೆ ಮೆಟ್ಟಿಲಿನ ಯೋಜನೆಯನ್ನು ಅಲ್ಲಿಗೇ ಕೈಬಿಡುವುದು ಲೇಸು.

ಕೆಲಸ ಮುಗಿದ ಮೇಲೆ ಗರ್ಡರ್‌ನ ಅಳತೆ, ಕೂಡಿಕೆಯ ವಿವರ, ಕಿಂಡಿಯ ಜಾಗ ತೋರಿಸುವ ನಕ್ಷೆಯ ಒಂದು ಪ್ರತಿಯನ್ನು ಸೊಸೈಟಿಯ ಕಡತಕ್ಕೆ ಕೊಡಿ. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ಒಳಗೆ ಗರ್ಡರ್ ಇದೆಯೋ ಇಲ್ಲವೋ ಎಂಬುದು ಮುಂದಿನ ಆಡಿಟ್‌ಗೆ ಬರುವ ಎಂಜಿನಿಯರ್‌ಗೂ ಕಾಣುವುದಿಲ್ಲ.