ಶಿವನ ಹೆಸರಿನ ಶಿಖರ

ಅಮೆರಿಕದ ಅರಿಜೋನಾ ಸಂಸ್ಥಾನದ ನಕ್ಷೆಯನ್ನು ಬಿಡಿಸಿ ನೋಡಿದರೆ ನಮ್ಮ ದೇವರುಗಳ ಹೆಸರುಗಳನ್ನು ಕಂಡು ನೀವು ಬೆರಗಾಗುವಿರಿ. ವಿಷ್ಣು ದೇವಾಲಯ, ಬ್ರಹ್ಮ ದೇವಾಲಯ, ಶಿವ ದೇವಾಲಯ! ಆದರೆ ಅಲ್ಲಿ ಗರ್ಭಗುಡಿಯಿಲ್ಲ, ಗಂಟೆಯಿಲ್ಲ. ಕೊಲರಾಡೊ ನದಿ ಒಂದು ಮೈಲಿಯಷ್ಟು ಆಳಕ್ಕೆ ಕೊರೆದಿರುವ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಮರಿಯಲ್ಲಿ ಒಂಟಿಯಾಗಿ ನಿಂತ ಬಂಡೆಯ ಶಿಖರಗಳು ಇವು. ಆ ಆಕಾರಗಳನ್ನು ಕಂಡು ಪೂರ್ವದೇಶಗಳ ಗುಡಿಗೋಪುರಗಳನ್ನು ನೆನೆದವನು ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. 1882ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ವಿಷ್ಣು, ಶಿವರ ಹೆಸರುಗಳು ಅಲ್ಲಿ ನೆಲೆಯಾದವು.

ಇವುಗಳಲ್ಲಿ ಶಿವಶಿಖರದ ಕಥೆ ಸ್ವಾರಸ್ಯವಾದುದು. ಎತ್ತರ 7,600 ಅಡಿಗೂ ಮಿಗಿಲು. ನೆತ್ತಿಯ ಮೇಲೆ ಸುಣ್ಣಕಲ್ಲಿನ ಹಾಸು, ಅದರ ಮೇಲೊಂದು ಕಾಡು. ಅದರ ಕೆಳಗೆ ಸುತ್ತಲೂ ಗೋಡೆಯಂತೆ ನಿಂತಿರುವುದು ಮಾಸಲು ಬಿಳುಪಿನ ಮರಳುಗಲ್ಲು; ಸುಮಾರು 28 ಕೋಟಿ ವರ್ಷಗಳ ಹಿಂದೆ ಅದು ಮರುಭೂಮಿಯ ಮರಳುದಿಬ್ಬವಾಗಿತ್ತು. ಗಾಳಿ ಪೇರಿಸಿದ ಓರೆಪದರಗಳನ್ನು ಆ ಕಲ್ಲಿನಲ್ಲಿ ಇಂದಿಗೂ ಕಾಣಬಹುದು.

ಕಮರಿಯ ಉತ್ತರದಂಚಿನ ಅಳಿಲಿಗೆ ಬಾಲ ಬಿಳಿ, ಹೊಟ್ಟೆ ಕಪ್ಪು. ದಕ್ಷಿಣದಂಚಿನ ಅದರ ದಾಯಾದಿಗೆ ಹೊಟ್ಟೆಯೇ ಬಿಳಿ. ಕಮರಿಯೊಂದು ಅಡ್ಡ ಬಂದದ್ದಕ್ಕೆ ಇಷ್ಟು ವ್ಯತ್ಯಾಸವಾದರೆ, ನಾಲ್ಕೂ ಕಡೆ ಪ್ರಪಾತವಿರುವ ಶಿವಶಿಖರದ ಕಾಡಿನಲ್ಲಿ ಪ್ರಾಣಿಗಳು ಹೇಗೆ ಬೇರೆಯಾಗಿರಬೇಡ? ಈ ಪ್ರಶ್ನೆಯನ್ನು ಹೊತ್ತು 1937ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ಹೆರಾಲ್ಡ್ ಆಂಥನಿಯ ತಂಡ ಶಿಖರವನ್ನೇರಿತು. ಪ್ರಶ್ನೆ ಯೋಗ್ಯವಾದುದೇ. ಪತ್ರಿಕೆಗಳು ಮಾತ್ರ ಅಲ್ಲಿ ಡೈನೋಸಾರುಗಳನ್ನೇ ಕಟ್ಟಿಹಾಕಿಬಿಟ್ಟವು! ಆಂಥನಿ ಪಾಪ, ಇಲಿಗಳ ಬೋನು ಹಿಡಿದು ಹೊರಟವನು.

ಬೋನಿಗೆ ಬಿದ್ದವು ಉತ್ತರದಂಚಿನ ಇಲಿಗಳಂಥವೇ ಇಲಿಗಳು; ಹೇಳಿಕೊಳ್ಳುವ ಭೇದ ಕಾಣಲಿಲ್ಲ. ಜಿಂಕೆಗಳು ಉದುರಿಸಿದ ಕೊಂಬುಗಳೂ ಸಿಕ್ಕಿದವು. ಜಿಂಕೆ ಹತ್ತಬಲ್ಲ ಬೆಟ್ಟ ಇಲಿಗೆ ಏನು ಅಡ್ಡಿ? ಪಕ್ಕದ ಅಂಚಿನಿಂದ ತಗ್ಗಿಗಿಳಿದು ಮತ್ತೆ ಏರುವ ಒಂದು ಹಾದಿ ಇದ್ದೇ ಇತ್ತು. ಆ ಹಾದಿಯನ್ನು ಬಲ್ಲ ಇನ್ನೊಬ್ಬನಿದ್ದ: ದಕ್ಷಿಣದಂಚಿನಲ್ಲಿ ಛಾಯಾಚಿತ್ರಶಾಲೆ ನಡೆಸುತ್ತಿದ್ದ ಎಮೆರಿ ಕೋಲ್ಬ್. ತಂಡದಲ್ಲಿ ಅವನಿಗೆ ಜಾಗ ದೊರೆತಿರಲಿಲ್ಲ. ಅವನು ಮುಂಚಿತವಾಗಿಯೇ ಏರಿ, ವಿಜ್ಞಾನಿಗಳು ನೋಡಲೆಂದು ಕೋಡಾಕ್ ಫಿಲ್ಮಿನ ಖಾಲಿ ಪೆಟ್ಟಿಗೆಯೊಂದನ್ನು ಬಿಟ್ಟು ಬಂದಿದ್ದ.

ಕೋಲ್ಬನೂ ಮೊದಲಿಗನಲ್ಲ. ಮನುಷ್ಯನ ಕಾಲು ಸೋಕಿಲ್ಲವೆಂದು ಲೋಕ ನಂಬಿದ್ದ ಆ ನೆತ್ತಿಯ ಮೇಲೆ ಆಂಥನಿಯ ತಂಡಕ್ಕೆ ಕಲ್ಲಿನ ಆಯುಧಗಳೂ ಅವನ್ನು ಕೆತ್ತುವಾಗ ಸಿಡಿದ ಚಕ್ಕೆಗಳೂ ದೊರೆತವು. ಡಟನ್ ನಕ್ಷೆ ಹಿಡಿದು ಬರುವುದಕ್ಕೆ ಶತಮಾನಗಳ ಮುಂಚೆಯೇ ಆ ನೆಲದ ಮೂಲನಿವಾಸಿಗಳು ಅಲ್ಲಿಗೆ ಹತ್ತಿ, ಕುಳಿತು, ಕೆಲಸ ಮಾಡಿ ಹೋಗಿದ್ದರು.