ಎರಡು ಸಲ ಹುಟ್ಟಿದ ಸೂರ್ಯ

ಮಗಳ ಬಾಣಂತನಕ್ಕೆಂದು ಪರ್ತ್‌ಗೆ ಹೊರಟವಳು ಸಿಂಗಪುರದಲ್ಲಿ ವಿಮಾನ ಬದಲಿಸಲು ಐದು ತಾಸು ಕಾದೆ. ನಾನು ತಲುಪುವಷ್ಟರಲ್ಲಿ ಮೊಮ್ಮಗ ಹುಟ್ಟಿ ನಾಲ್ಕು ತಾಸಾಗಿತ್ತು. ಆ ಐದು ತಾಸು ಇಲ್ಲದಿದ್ದರೆ ಎಂದು ಬಹಳ ದಿನ ಗೊಣಗಿದ್ದೇನೆ.

ಒಂದು ಸಂಜೆ ಸ್ವಾನ್ ನದಿಯ ನೆಡ್‌ಲ್ಯಾಂಡ್ಸ್ ದಂಡೆಯಲ್ಲಿ ಅಳಿಯ ನೀರು ತೋರಿಸಿ, "ಅತ್ತೆ, ಯುದ್ಧಕಾಲದಲ್ಲಿ ಇಲ್ಲಿಂದಲೇ ಸಿಲೋನಿಗೆ ವಿಮಾನ ಏರುತ್ತಿತ್ತು" ಎಂದ. ಮನೆಗೆ ಬಂದು ಹುಡುಕಿ ಓದಿದೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ನಡುವಿನ ವಿಮಾನದಾರಿ ಅಲ್ಲಿಗೆ ತುಂಡಾಯಿತು. ನಾನು ಶಪಿಸಿದ ಊರೇ ಆ ದಾರಿಯ ಕೊಂಡಿಯಾಗಿತ್ತು. ಅದನ್ನು ಮತ್ತೆ ಜೋಡಿಸಲು 1943ರ ಜೂನ್ ಕೊನೆಯಲ್ಲಿ ಕ್ವಾಂಟಾಸ್ ಸಂಸ್ಥೆ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಹಾರಾಟ ಶುರುಮಾಡಿತು. ನಡುವೆ ಇದ್ದದ್ದು ಸುಮಾರು 5,650 ಕಿಲೋಮೀಟರ್ ಹಿಂದೂ ಮಹಾಸಾಗರ.

ವಿಮಾನಗಳು ಕ್ಯಾಟಲಿನಾ ಎಂಬ, ನೀರಿನ ಮೇಲೆ ಇಳಿಯುವ ಜಾತಿಯವು. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಇಂದಿನ ಜೆಟ್ ವಿಮಾನಕ್ಕೆ ಏಳು ತಾಸು ಸಾಕಾಗುವ ದೂರಕ್ಕೆ ಅವುಗಳಿಗೆ 27ರಿಂದ 32 ತಾಸು ಬೇಕಿತ್ತು. ಅತಿ ದೀರ್ಘ ಹಾರಾಟ 32 ತಾಸು 9 ನಿಮಿಷ. ಇಂಧನದ ಭಾರ ಎಷ್ಟಿತ್ತೆಂದರೆ, ಮೂರು ಜನ ಪ್ರಯಾಣಿಕರು ಮತ್ತು 69 ಕಿಲೋ ಟಪಾಲಿಗಿಂತ ಹೆಚ್ಚು ಹೊರಲಾಗುತ್ತಿರಲಿಲ್ಲ. ಆ ಟಪಾಲೂ ಸರ್ಕಾರದ್ದು, ಸೈನ್ಯದ್ದು.

ವಿಮಾನಗಳಲ್ಲಿ ಆಯುಧವಿರಲಿಲ್ಲ. ಶತ್ರುವಿನ ಕಣ್ಣಿಗೆ ಬೀಳದಿರಲು ಅಪಾಯದ ಭಾಗವನ್ನು ರಾತ್ರಿ ದಾಟುತ್ತಿದ್ದರು. ರೇಡಿಯೋ ಮೌನ. ದಾರಿ ತೋರಿಸಲು ನಕ್ಷತ್ರಗಳು. ಐದು ವಿಮಾನಗಳಿಗೂ ನಕ್ಷತ್ರಗಳದೇ ಹೆಸರು: ಆಲ್ಟೇರ್, ವೇಗಾ, ರೈಜೆಲ್, ಅಂಟಾರೆಸ್, ಸ್ಪೈಕಾ. ನಮ್ಮ ಲೆಕ್ಕದಲ್ಲಿ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ಅಲ್ಲೇ ಇವೆ. ಹಾರಾಟ ಮುಗಿಯುವುದರೊಳಗೆ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಅದಕ್ಕೇ ಇದಕ್ಕೆ 'ಎರಡು ಸೂರ್ಯೋದಯ'ದ ಹಾರಾಟವೆಂದು ಹೆಸರು. ಪ್ರಯಾಣಿಕರಿಗೆ ಆ ಹೆಸರಿನ 'ಗುಪ್ತ ಸಂಘ'ದ ಪ್ರಮಾಣಪತ್ರವನ್ನೂ ಕೊಡುತ್ತಿದ್ದರಂತೆ!

1945ರ ಜುಲೈವರೆಗೆ 271 ಬಾರಿ ಹೀಗೆ ಸಾಗರ ದಾಟಿದರು. ಒಂದು ವಿಮಾನವೂ ದಾರಿಯಲ್ಲಿ ಕಳೆದುಹೋಗಲಿಲ್ಲ. ಆದರೆ ಪ್ರತಿ ಸಲವೂ ವಿಮಾನ ಏರಿದ ಮೇಲೆ ದಂಡೆಯಲ್ಲಿ ನಿಂತವರಿಗೆ ಅದು ಗೊತ್ತಿರಲಿಲ್ಲವಲ್ಲ. ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೊಂದು ಬೆಳಗಾಗುವವರೆಗೆ ಸುಮ್ಮನೆ ಕಾಯಬೇಕು.

ಇದನ್ನು ಓದಿದ ಮಾತ್ರಕ್ಕೆ ನನ್ನ ನಾಲ್ಕು ತಾಸಿನ ಸಂಕಟವೇನೂ ಕರಗಲಿಲ್ಲ. ಆದರೆ ಸಿಂಗಪುರದಲ್ಲಿ ಗೊಣಗುತ್ತ ಕುಳಿತಿದ್ದಾಗ ಮಗಳಿಂದ ಫೋನಿಗೆ ಮೂರು ಸಂದೇಶ ಬಂದಿದ್ದವು. ಕೊನೆಯದರಲ್ಲಿ, "ಅಮ್ಮ, ಹೆದರಬೇಡ, ನಿಧಾನ ಬಾ" ಎಂದಿತ್ತು. ಅದನ್ನು ಇನ್ನೂ ಅಳಿಸಿಲ್ಲ.