ಹಿತ್ತಲಿನ ಪರದೆಯೂ ಬೆಳಕಿನ ಲೆಕ್ಕವೂ

ಕಳೆದ ಸಂಕ್ರಾಂತಿಗೆ ಬಂದಿದ್ದ ಮೊಮ್ಮಕ್ಕಳು ಹಿತ್ತಲಿನಲ್ಲಿ ಪರದೆ ಕಟ್ಟಿ ಸಿನಿಮಾ ನೋಡಬೇಕೆಂದು ಹಟ ಹಿಡಿದರು. ಅವರಿಗಿಂತ ಹೆಚ್ಚು ಉತ್ಸಾಹ ತೋರಿದವಳು ಎಂಬತ್ತನಾಲ್ಕು ವರ್ಷದ ನಮ್ಮ ಅಕ್ಕ. ಮಂಡಿನೋವಿನ ದೆಸೆಯಿಂದ ಆಕೆ ಚಿತ್ರಮಂದಿರದ ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷಗಳಾದವು. ಟಿವಿಯ ಚಿತ್ರ ಆಕೆಯ ಕಣ್ಣಿಗೆ ಚಿಕ್ಕದು. "ಬೇಡರ ಕಣ್ಣಪ್ಪ ಹಾಕಿಸೋ, ಇನ್ನೊಂದ್ಸಲ ದೊಡ್ಡದಾಗಿ ನೋಡ್ತೀನಿ" ಎಂದಳು. 1954ರಲ್ಲಿ ತೆರೆಕಂಡ ಆ ಚಿತ್ರ ನಮ್ಮೂರಿನ ಜಾತ್ರೆಯ ಟೆಂಟಿಗೆ ಬರುವಾಗ ಎರಡು ವರ್ಷ ಕಳೆದಿತ್ತು. ಆಗ ನನ್ನನ್ನು ಕೈಹಿಡಿದು ಕರೆದೊಯ್ದು ತೋರಿಸಿದವಳು ಇವಳೇ.

ನಾನು ಅಂತರಜಾಲದಲ್ಲಿ ಹುಡುಕಿ ಆರು ಸಾವಿರ ರೂಪಾಯಿಯ ಪ್ರೊಜೆಕ್ಟರೊಂದನ್ನು ತರಿಸಿದೆ. ಪೆಟ್ಟಿಗೆಯ ಮೇಲೆ '8,000 ಲ್ಯೂಮೆನ್' ಎಂದು ದಪ್ಪ ಅಕ್ಷರದಲ್ಲಿತ್ತು. ನೆರೆಹೊರೆಯವರು ಚಾಪೆ ಹಿಡಿದು ಬಂದರು. ಪಂಚೆಯ ಮೇಲೆ ಮೂಡಿದ್ದು ಮಂಜಿನೊಳಗೆ ನಡೆದಾಡುವಂಥ ನೆರಳುಗಳು. ಅರ್ಧ ಗಂಟೆಯಲ್ಲಿ ಮಕ್ಕಳು ಎದ್ದುಹೋದರು. ಅಕ್ಕ ಮಾತ್ರ ಕೊನೆಯವರೆಗೆ ಕುಳಿತಿದ್ದು "ಚೆನ್ನಾಗಿತ್ತು ಕಣೋ" ಎಂದಳು. ಆದರೆ ಒಳಗೆ ಹೋಗುವಾಗ ನನ್ನ ಸೊಸೆಯೊಡನೆ "ನನ್ನ ಕಣ್ಣು ಪೂರಾ ಹೋಯ್ತು ಅಂತ ಕಾಣತ್ತಮ್ಮ" ಎಂದದ್ದು ನನ್ನ ಕಿವಿಗೆ ಬಿತ್ತು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ತಪ್ಪು ಆಕೆಯ ಕಣ್ಣಿನದಲ್ಲ, ನನ್ನ ಆಯ್ಕೆಯದು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ಪ್ರೊಜೆಕ್ಟರಿನ ಇತಿಹಾಸವನ್ನು ಒಮ್ಮೆ ನೆನೆದಿದ್ದರೂ ಹೀಗೆ ಮೋಸಹೋಗುತ್ತಿರಲಿಲ್ಲ.

ಆ ಇತಿಹಾಸವೆಲ್ಲ ಬೆಳಕಿನ ಹುಡುಕಾಟವೇ. 1659ರಲ್ಲಿ ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್ ಮಾಯಾದೀಪವನ್ನು ರೂಪಿಸಿದಾಗ ಗಾಜಿನ ಮೇಲೆ ಬರೆದ ಚಿತ್ರವೂ ಇತ್ತು, ಮಸೂರವೂ ಇತ್ತು, ಕೊರತೆಯಿದ್ದದ್ದು ದೀಪಕ್ಕೆ. ಎಣ್ಣೆದೀಪದ ಬೆಳಕಿನಲ್ಲಿ ಚಿತ್ರ ಒಂದು ಕೋಣೆಯನ್ನು ದಾಟುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸುಣ್ಣದ ತುಂಡನ್ನು ಅನಿಲದ ಜ್ವಾಲೆಯಲ್ಲಿ ಕಾಯಿಸಿ ಪ್ರಖರ ಬೆಳಕು ಪಡೆಯುವ ವಿಧಾನ ಬಂದ ಮೇಲೆಯೇ ದೊಡ್ಡ ಸಭಾಂಗಣಗಳು ಮಾಯಾದೀಪಕ್ಕೆ ಒಲಿದವು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರಗಳು ಪ್ರದರ್ಶನಗೊಂಡವು ಎಂದು ಪಾಠದಲ್ಲಿ ಹೇಳುತ್ತಿದ್ದೆ. ಅದರ ಮರುವರ್ಷ ನಡೆದುದನ್ನು ಹೇಳುತ್ತಿರಲಿಲ್ಲ. 1897ರ ಮೇ 4ರಂದು ಪ್ಯಾರಿಸ್ಸಿನ ದಾನಸಂತೆಯೊಂದರಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಬೆಂಕಿ ಹತ್ತಿ 120ಕ್ಕೂ ಹೆಚ್ಚು ಮಂದಿ ಸತ್ತರು. ಒಳ್ಳೆಯ ಬೆಳಕಿಗಾಗಿ ಜನ ಎಂಥ ಅಪಾಯವನ್ನೂ ಕಟ್ಟಿಕೊಳ್ಳುತ್ತಿದ್ದರು.

ನಮ್ಮ ಸೀಮೆಗೆ ಬಂದರೆ, 1905ರಲ್ಲಿ ತಿರುಚ್ಚಿಯ ರೈಲ್ವೆ ನೌಕರ ಸಾಮಿಕಣ್ಣು ವಿನ್ಸೆಂಟ್ ಎಂಬವರು ಫ್ರೆಂಚರೊಬ್ಬರಿಂದ ಪ್ರೊಜೆಕ್ಟರನ್ನೂ ಚಿತ್ರಗಳನ್ನೂ ಕೊಂಡು, ಡೇರೆ ಹಾಕಿಕೊಂಡು ಊರೂರು ಸುತ್ತಿದರು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದೂ ಅದೇ ವರ್ಷ. ಆದರೆ ಹಳ್ಳಿಗಳಿಗೆ ಅದು ತಲುಪಲು ಇನ್ನೂ ದಶಕಗಳೇ ಬೇಕಾದವು. ಹಾಗಾಗಿ ಟೂರಿಂಗ್ ಟಾಕೀಸಿನವರು ಬೆಳಕನ್ನೂ ಗಾಡಿಯಲ್ಲಿ ಹೇರಿಕೊಂಡೇ ಬರಬೇಕಿತ್ತು. ನಮ್ಮ ಜಾತ್ರೆಯಲ್ಲಿ ಟೆಂಟಿನ ಹಿಂದೆ ಎಂಜಿನ್ನು ಗುಡುಗುಡು ಎನ್ನುತ್ತಿದ್ದುದು ನನಗೆ ಚಿತ್ರಕ್ಕಿಂತ ಚೆನ್ನಾಗಿ ನೆನಪಿದೆ. ಪ್ರೊಜೆಕ್ಟರಿನೊಳಗೆ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ತಿನ ಕಿಡಿ ಉರಿಯುತ್ತಿತ್ತು. ಕಡ್ಡಿ ಸವೆದಂತೆಲ್ಲ ಆಪರೇಟರ್ ಹಿಡಿ ತಿರುಗಿಸಿ ಅಂತರ ಸರಿಪಡಿಸಬೇಕು. ಆತ ಬೀಡಿ ಸೇದಲು ಹೊರಗೆ ಹೋದನೋ, ತೆರೆ ಮಂಕಾಗಿ ನೆಲದಲ್ಲಿ ಕುಳಿತವರೆಲ್ಲ ಸೀಟಿ ಹೊಡೆಯುತ್ತಿದ್ದರು. ಆ ಪ್ರೇಕ್ಷಕರಿಗೆ ಪೆಟ್ಟಿಗೆಯ ಮೇಲಿನ ಅಂಕಿ ಬೇಕಿರಲಿಲ್ಲ. ಬೆಳಕು ಕಡಿಮೆಯಾದದ್ದು ಕಣ್ಣಿಗೇ ತಿಳಿಯುತ್ತಿತ್ತು.

ಮನೆಯಲ್ಲಿ ಸಿನಿಮಾ ನೋಡುವ ಆಸೆಯೂ ಹೊಸದಲ್ಲ. 35 ಮಿಲಿಮೀಟರಿನ ಅಂದಿನ ಫಿಲ್ಮು ನೈಟ್ರೇಟಿನದು, ಭಗ್ಗನೆ ಹೊತ್ತಿಕೊಳ್ಳುವಂಥದು. 1923ರಲ್ಲಿ ಕೊಡಕ್ ಕಂಪನಿ ಸುಲಭವಾಗಿ ಹೊತ್ತದ ಅಸಿಟೇಟಿನ 16 ಮಿಲಿಮೀಟರ್ ಫಿಲ್ಮನ್ನು ತಂದದ್ದು ಮನೆಗಳನ್ನು ಉದ್ದೇಶಿಸಿಯೇ. ಮುಂದೆ ಅದು ಶಾಲೆಗಳಿಗೂ ಬಂತು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಜಿಲ್ಲಾ ಕೇಂದ್ರದಿಂದ ಎರವಲು ತಂದ ಯಂತ್ರ, 400 ಅಡಿಯ ರೀಲು, ಹನ್ನೊಂದು ನಿಮಿಷದ ಚಿತ್ರ. ಕಿಟಕಿಗಳಿಗೆ ಜಮಖಾನ ಕಟ್ಟುವುದು ನಿಮ್ಮ ಕೆಲಸ. ಬಲ್ಬು ಆರುವವರೆಗೆ ಯಂತ್ರವನ್ನು ಯಾರೂ ಮುಟ್ಟದಂತೆ ಕಾಯುವುದು ನನ್ನ ಕೆಲಸ. ಕತ್ತಲೆಗೆ ಖರ್ಚಿಲ್ಲ, ಬೆಳಕಿಗೆ ಮಾತ್ರ ಖರ್ಚು ಎಂದು ಆಗ ನಿಮಗೆ ಹೇಳಿಕೊಟ್ಟವನೇ ಈಗ ಅದನ್ನು ಮರೆತಿದ್ದೆ.

ಈಗಿನ ಡಿಜಿಟಲ್ ಯಂತ್ರಗಳ ವಿವರಕ್ಕೆ ನಾನು ಹೋಗುವುದಿಲ್ಲ. ನನಗೆ ಬೇಕಾದದ್ದು 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆ 'ಅನ್ಸಿ' ಗೊತ್ತುಮಾಡಿದ ಅಳತೆ. ತೆರೆಯನ್ನು ಒಂಬತ್ತು ಭಾಗ ಮಾಡಿ, ಪ್ರತಿಯೊಂದರ ನಡುವೆ ಬೆಳಕನ್ನು ಅಳೆದು, ಸರಾಸರಿ ತೆಗೆದು, ತೆರೆಯ ವಿಸ್ತೀರ್ಣದಿಂದ ಗುಣಿಸುವ ಕ್ರಮ ಅದು. ಪೆಟ್ಟಿಗೆಯ ಮೇಲೆ ಬರಿಯ 'ಲ್ಯೂಮೆನ್' ಎಂದಿದ್ದರೆ ಅದನ್ನು ಯಾರು, ಎಲ್ಲಿ, ಹೇಗೆ ಅಳೆದರೆಂಬುದಕ್ಕೆ ಲೆಕ್ಕವಿಲ್ಲ. 'ಅನ್ಸಿ ಲ್ಯೂಮೆನ್' ಎಂದು ನಂಬಿಕಸ್ಥ ತಯಾರಕರು ಬರೆದಿದ್ದರೆ ಮಾತ್ರ ಲೆಕ್ಕ ಹಾಕಬಹುದು. ಚಿತ್ರಮಂದಿರದ ತೆರೆಗೆ ಚದರ ಅಡಿಗೆ ಸುಮಾರು 16 ಲ್ಯೂಮೆನ್ ಬೀಳಬೇಕೆಂಬುದು ಹಳೆಯ ಕಟ್ಟಳೆ. ಎಂಟಡಿ ಅಗಲ, ಆರಡಿ ಎತ್ತರದ ಪರದೆ ಎಂದರೆ 48 ಚದರ ಅಡಿ. 48ನ್ನು 16ರಿಂದ ಗುಣಿಸಿದರೆ 768. ಪೂರ್ಣ ಕತ್ತಲೆಯಿದ್ದರೆ ಅಷ್ಟು ಸಾಕು, ಬೀದಿದೀಪ ಇಣುಕಿದರೆ ಅದರ ಎರಡರಷ್ಟೂ ಸಾಲದು. ಹಣ ಕಡಿಮೆಯಿದ್ದರೆ ಪರದೆಯನ್ನು ಚಿಕ್ಕದು ಮಾಡಿಕೊಳ್ಳಬಹುದು: ಅಗಲವನ್ನೂ ಎತ್ತರವನ್ನೂ ಅರ್ಧಕ್ಕೆ ಇಳಿಸಿದರೆ ಕಾಲು ಭಾಗದ ಬೆಳಕು ಸಾಕು.

ಈ ಲೆಕ್ಕ ಹಿಡಿದು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಿಷ್ಯನ ಬಳಿಗೆ ಹೋದೆ. "ಹೊಸದು ಯಾಕೆ ಸಾರ್, ಆಫೀಸಿನೋರು ಬಿಟ್ಟಿರೋದು ಇದೆ" ಎಂದು ಧೂಳು ಕೂತ ಪೆಟ್ಟಿಗೆಯೊಂದನ್ನು ಇಳಿಸಿದ. ಒಳ್ಳೆಯ ತಯಾರಕರದು, 2,700 ಅನ್ಸಿ ಲ್ಯೂಮೆನ್. ದೀಪ ಉರಿದ ಗಂಟೆಗಳನ್ನು ಯಂತ್ರದ ಮೆನುವಿನಲ್ಲಿಯೇ ತೋರಿಸಿದ: 1,100. ವಯಸ್ಸಾಗಿ ಬೆಳಕು ಅರ್ಧಕ್ಕಿಳಿದರೂ ನನ್ನ ಪರದೆಗೆ ಮಿಗುತ್ತದೆ. ಹಳೆಯ ಕಚೇರಿ ಯಂತ್ರವಾದ್ದರಿಂದ ಚಿತ್ರದ ಆಕಾರ ನಾಲ್ಕಕ್ಕೆ ಮೂರು. ಇಂದಿನ ಅಗಲ ಚಿತ್ರಗಳಿಗೆ ಅದು ದೋಷ, ಐವತ್ತರ ದಶಕದ ಕಪ್ಪು-ಬಿಳುಪು ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಫೋನಿನ ತಂತಿಗೆ ಹೊಂದಿಸುವ ಕನ್ವರ್ಟರ್ ಸೇರಿ ಒಂಬತ್ತು ಸಾವಿರವಾಯಿತು. ಧ್ವನಿಗೆ ಮನೆಯಲ್ಲಿದ್ದ ಸ್ಪೀಕರೇ ಸಾಕಾಯಿತು.

ಶಿವರಾತ್ರಿಯ ಜಾಗರಣೆಗೆ ಮುಹೂರ್ತವಿಟ್ಟೆ. ಅಮಾವಾಸ್ಯೆಯ ಹಿಂದಿನ ರಾತ್ರಿ, ಆಕಾಶದಲ್ಲಿ ಚಂದ್ರನಿಲ್ಲ. ಎದುರುಮನೆಯವರು ಹೊರದೀಪ ಆರಿಸಿ ಉಪಕರಿಸಿದರು. ಈ ಸಲ ಅಕ್ಕನಿಗೆ ನಾನು ಏನನ್ನೂ ಹೇಳದೆ ಕುರ್ಚಿ ಹಾಕಿ ಕೂರಿಸಿದೆ. ಚಿತ್ರ ಆರಂಭವಾಗಿ ಸ್ವಲ್ಪ ಹೊತ್ತು ಆಕೆ ಮಾತಾಡಲಿಲ್ಲ. ನಾನು ತೆರೆಯನ್ನು ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ನನ್ನ ತೋಳು ಹಿಡಿದು, "ಪಂಡರಿಬಾಯಿ ಎಷ್ಟು ಚಿಕ್ಕ ಹುಡುಗಿ ನೋಡೋ! ಕತ್ತಿನ ಸರ ಕೂಡ ಕಾಣ್ತಿದೆ" ಎಂದಳು. ಹಿಂದೆ ಕುಳಿತಿದ್ದ ಮೊಮ್ಮಗಳು, "ಶ್! ಅಜ್ಜೀ, ಮಾತಾಡ್ಬೇಡಿ" ಎಂದು ಗದರಿದಳು.